ಮೊದಲು ಜಾಲರಿ ನೋಡಿ

ಫೋರ್‌ಮನ್ನರು ಸೋತದ್ದನ್ನು ‘ಪ್ಲಗ್ ಪಾಯಿಂಟ್’ನಲ್ಲಿ ಯಾರೂ ಕಂಡಿರಲಿಲ್ಲ. ಸೋಲುವಂಥ ಪ್ರಸಂಗಗಳು ಬಂದಿರಲಿಲ್ಲವೆಂದಲ್ಲ. ಬಂದಾಗಲೆಲ್ಲ ಅವರು ಇನ್ನೂ ನಾಲ್ಕು ಪ್ಯಾರಾ ಹೆಚ್ಚಿಗೆ ಬರೆಯುತ್ತಿದ್ದರು. ಅದನ್ನು ಓದಿ ಮುಗಿಸುವಷ್ಟರಲ್ಲಿ ಎದುರಾಳಿಗೆ ಊಟಕ್ಕೆ ಕರೆ ಬಂದಿರುತ್ತಿತ್ತು.

ಪ್ಲಗ್ ಪಾಯಿಂಟ್ ಎಂಬುದು ಅಂತರ್ಜಾಲದ ಒಂದು ಚರ್ಚಾವೇದಿಕೆ. ಹೊಸ ಫೋನು, ಹೊಸ ಬ್ಯಾಟರಿ, ಮಂಗಳಗ್ರಹದಲ್ಲಿ ನೀರು, ಫ್ರಿಜ್ಜಿನ ಬಾಗಿಲಿಗೆ ಬುದ್ಧಿ ಬಂದ ಸಮಾಚಾರ, ಯಾವ ಸುದ್ದಿ ಬಿದ್ದರೂ ಸಾಕು, ಅಲ್ಲಿ ಜನ ತೊಡೆ ತಟ್ಟಿ ಅಖಾಡಕ್ಕೆ ಇಳಿಯುತ್ತಿದ್ದರು. ಅಸಲಿ ಹೆಸರು ಹೇಳಿಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ. ಫೋರ್‌ಮನ್ನರು ಅಲ್ಲಿ ‘ಸ್ಕ್ರೂಡ್ರೈವರ್’ ಎಂಬ ಬಿರುದಿನಿಂದ ವಿರಾಜಮಾನರಾಗಿದ್ದರು. ಬಿರುದು ಕೊಟ್ಟವರು ಅವರೇ.

ಹಗಲಿನಲ್ಲಿ ಅವರದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡದೊಂದು ಲಾಂಡ್ರಿಯ ಮೆಷಿನ್ ವಿಭಾಗದ ಆಳ್ವಿಕೆ. ಆಳೆತ್ತರದ ಡ್ರಮ್ಮುಗಳು ಒಂದು ಸಾಲು, ಬಟ್ಟೆ ಒಣಗಿಸುವ ಡ್ರೈಯರುಗಳು ಇನ್ನೊಂದು ಸಾಲು, ಕೊನೆಯಲ್ಲಿ ಮುದ್ದೆಯಾದ ಚಾದರವನ್ನು ನುಂಗಿ ಕಾಗದದ ಹಾಳೆಯಂತೆ ಉಗುಳುವ ಇಸ್ತ್ರಿ ಉರುಳೆಗಳು. ಡ್ರೈಯರು ಬಿಸಿಯಾಗದಿದ್ದರೆ ಹೊಸದಾಗಿ ಸೇರಿದವರು ಹೀಟರು ಬಿಚ್ಚುತ್ತಿದ್ದರು, ವೈರು ಎಳೆಯುತ್ತಿದ್ದರು, ಕಂಪನಿಗೆ ಫೋನು ಹಚ್ಚುತ್ತಿದ್ದರು. ಫೋರ್‌ಮನ್ನರು ನಿಧಾನವಾಗಿ ಬಂದು, ಹಿಂಬದಿಯ ತಟ್ಟೆಯೊಂದನ್ನು ಎಳೆದು, ಜಾಲರಿಗೆ ಮೆತ್ತಿಕೊಂಡ ನೂಲಿನ ಧೂಳನ್ನು ಕಂಬಳಿ ಸುಲಿದಂತೆ ಸುಲಿದು ಎಲ್ಲರ ಮೂಗಿನ ಮುಂದೆ ಹಿಡಿಯುತ್ತಿದ್ದರು.

“ಮೊದಲು ಜಾಲರಿ ನೋಡಿ.”

ಅಷ್ಟೇ. ಹೆಚ್ಚು ಮಾತಿಲ್ಲ. ಪ್ಲಗ್ ಪಾಯಿಂಟ್‌ನಲ್ಲೂ ಅವರ ಕೀರ್ತಿ ನಿಂತದ್ದು ಈ ಮೂರು ಪದಗಳ ಮೇಲೆಯೇ. ಫೋನಿನ ಸ್ಪೀಕರು ಸತ್ತಿದೆ, ಹೊಸ ಫೋನು ಯಾವುದು ತಗೊಳ್ಳಲಿ ಎಂದು ಯಾರಾದರೂ ಅತ್ತರೆ, ಉಳಿದವರು ಪ್ರೊಸೆಸರು ಗಿಸೆಸರು ಎಂದು ಜಗಳಕ್ಕೆ ಬೀಳುವ ಮೊದಲೇ ಸ್ಕ್ರೂಡ್ರೈವರ್ ಪ್ರತ್ಯಕ್ಷ: “ಮೊದಲು ಜಾಲರಿ ನೋಡಿ. ಒಣ ಬ್ರಷ್ಷಿನಲ್ಲಿ ಉಜ್ಜಿ.” ಹತ್ತರಲ್ಲಿ ಎಂಟು ಸಲ ಸತ್ತ ಸ್ಪೀಕರು ಎದ್ದು ಹಾಡುತ್ತಿತ್ತು. ಅಭಿಮಾನಿಯೊಬ್ಬ ಆ ಮಾತನ್ನು ಬಣ್ಣದ ಅಕ್ಷರದಲ್ಲಿ ಬರೆದು ತನ್ನ ಪ್ರತಿ ಬರಹದ ಕೆಳಗೂ ಅಂಟಿಸಿಕೊಂಡಿದ್ದ.

ಬಿರುದಿಗೆ ಕಾರಣವಾದ ಸ್ಕ್ರೂಡ್ರೈವರಿನದು ಇನ್ನೊಂದು ಕಥೆ. ತಿರುಗುವ ಮೆಷಿನ್ನಿನೊಳಗೆ ಯಾವ ಬೇರಿಂಗು ಸವೆದಿದೆ ಎಂದು ತಿಳಿಯಬೇಕಾದರೆ ಫೋರ್‌ಮನ್ನರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗಿನ ಗುಟ್ಟೆಲ್ಲ ಎಲುಬಿನ ದಾರಿಯಲ್ಲಿ ನೇರ ತಲೆಗೇ ಬರುತ್ತಿತ್ತು. ಎಲುಬಿನ ಮೂಲಕ ಸದ್ದು ಕೇಳಿಸುವ ಹೊಸ ಬಗೆಯ ಹೆಡ್‌ಫೋನು ಬಂತೆಂದು ಪ್ಲಗ್ ಪಾಯಿಂಟ್ ಬಾಯಿ ಬಿಟ್ಟುಕೊಂಡು ಕುಣಿದಾಗ, ಅವರು ಈ ಪ್ರಯೋಗವನ್ನು ವಿವರಿಸಿ ಕೊನೆಗೆ, “ಇದನ್ನು ನಾನು ಮೀಸೆ ಬಂದಾಗಿನಿಂದ ಮಾಡುತ್ತಿದ್ದೇನೆ, ಚಾರ್ಜೂ ಬೇಕಿಲ್ಲ” ಎಂದು ಬರೆದು ಇಡೀ ಸಭೆಯ ಬಾಯಿ ಮುಚ್ಚಿಸಿದ್ದರು.

ಇಂಥ ವೀರರಿಗೆ ಒಂದು ಗುಟ್ಟಿತ್ತು. ಅವರ ಕಿವಿ ಮಂದವಾಗಿತ್ತು.

ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಬಾಗಿಲ ಗಂಟೆ ದೂರವಾಯಿತು, ಆಮೇಲೆ ಮೆತ್ತಗೆ ಮಾತಾಡುವ ಜನರೆಲ್ಲ ಇನ್ನೂ ಮೆತ್ತಗಾದರು, ಆಮೇಲೆ ಜಗತ್ತಿಗೇ ಯಾರೋ ದಪ್ಪ ಕಂಬಳಿ ಹೊದಿಸಿದಂತಾಯಿತು. ಫೋರ್‌ಮನ್ನರು ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಲಾಂಡ್ರಿಯ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಎಲ್ಲ ಕೈಸನ್ನೆ, ಬಾಯಿಸನ್ನೆ. ಮನೆಯಲ್ಲಿ ಹೆಂಡತಿ ಇದ್ದರು. ಆಕೆ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವರು. ವರ್ಷಾನುಗಟ್ಟಲೆ ಇಂಜಿನುಗಳ ಮೇಲೆ ದನಿ ಏರಿಸಿ ಏರಿಸಿ ಅದು ಇಳಿಯುವುದನ್ನೇ ಮರೆತಿತ್ತು. “ಪ್ರಯಾಣಿಕರ ಗಮನಕ್ಕೆ! ಅಡುಗೆಮನೆಯಿಂದ ಹೊರಟ ಚಹಾ ಐದೇ ನಿಮಿಷದಲ್ಲಿ ತಣ್ಣಗಾಗಲಿದೆ!” ಎಂದು ಆಕೆ ಘೋಷಿಸಿದರೆ ಎದುರುಮನೆಯವರೂ ಲೋಟ ಹುಡುಕುತ್ತಿದ್ದರು. ಇಂಥ ಮನೆಯಲ್ಲಿ ಕಿವಿ ಮಂದವಾದದ್ದು ಯಾರಿಗೆ ಗೊತ್ತಾಗಬೇಕು?

ಇನ್ನು ಪ್ಲಗ್ ಪಾಯಿಂಟ್. ಅಲ್ಲಿ ಎಲ್ಲವೂ ಅಕ್ಷರ. ಅಲ್ಲಿ ಯಾರೂ ಗೊಣಗುವುದಿಲ್ಲ, ಯಾರೂ ಬೆನ್ನು ತಿರುಗಿಸಿಕೊಂಡು ಮಾತಾಡುವುದಿಲ್ಲ, “ಏನಂದ್ರಿ?” ಎಂದು ಮತ್ತೆ ಮತ್ತೆ ಕೇಳಿ ಮುಖ ಸಣ್ಣಗೆ ಮಾಡಿಕೊಳ್ಳಬೇಕಾಗಿಲ್ಲ. ಇಡೀ ಭೂಮಂಡಲದಲ್ಲಿ ಫೋರ್‌ಮನ್ನರಿಗೆ ಪ್ರತಿಯೊಂದು ಮಾತೂ ಸ್ಪಷ್ಟವಾಗಿ ತಲುಪುತ್ತಿದ್ದ ಜಾಗ ಅದೊಂದೇ. ಅಲ್ಲಿ ಅವರು ಬಿಡುವಿದ್ದಾಗಲೆಲ್ಲ ಠಿಕಾಣಿ ಹೂಡಿದ್ದರಲ್ಲಿ ಆಶ್ಚರ್ಯವೇನು?

ಅಲ್ಲಿ ಅವರ ಪರಮವೈರಿಯ ಹೆಸರು ‘ಶಂಕಾಸುರ’. ಯಾವ ಊರಿನವನೋ, ಏನು ಕಸುಬಿನವನೋ ಯಾರಿಗೂ ತಿಳಿಯದು. ಅವನ ಆಯುಧ ಒಂದೇ ಪದ: “ಪುರಾವೆ?” ಸೂರ್ಯ ಹುಟ್ಟಿದ ಎಂದರೂ ಪುರಾವೆ ಕೇಳುವ ಪೈಕಿ. ಸ್ಕ್ರೂಡ್ರೈವರನ್ನೂ ಅವನನ್ನೂ ಒಂದೇ ಜಗಳಕ್ಕೆ ಕಟ್ಟಿಹಾಕಿದ್ದು ಒಂದು ಫ್ಯಾನು.

ಹಿಂದಿನ ಬೇಸಿಗೆಯಲ್ಲಿ ಫೋರ್‌ಮನ್ನರು ಹೊಸ ಬಗೆಯ ಮೋಟರಿನ ಸೀಲಿಂಗ್ ಫ್ಯಾನೊಂದನ್ನು ತಂದು ಕೈಯಾರೆ ನೇತುಹಾಕಿದ್ದರು. ಅರ್ಧ ಕರೆಂಟಿನಲ್ಲಿ ತಿರುಗುವ, ರಿಮೋಟಿನ ಮಾತು ಕೇಳುವ ಫ್ಯಾನು. ಅದರ ಬಗ್ಗೆ ಅವರು ಬರೆದ ವಿಮರ್ಶೆ ಪ್ಲಗ್ ಪಾಯಿಂಟ್‌ನಲ್ಲಿ ಅತಿ ಹೆಚ್ಚು ಜನ ಓದಿದ ಬರಹವಾಯಿತು. “ಇದರ ಕೆಳಗೆ ಕೂತರೆ ಚಿಟ್ಟೆ ರೆಕ್ಕೆ ಬಡಿಯುವುದೇ ಗಲಾಟೆ ಅನ್ನಿಸುತ್ತದೆ. ಡಬ್ಬದಲ್ಲಿ ಕೊಕ್ಕೆಯ ಬೋಲ್ಟಿಗೆ ಹಾಕಲು ಒಂದು ರಬ್ಬರ್ ಬುಷ್, ಬಳೆಯಂಥದು, ಕೊಟ್ಟಿರುತ್ತಾರೆ. ಅದು ಕಂಪನಿಯವರ ಶೋಕಿ. ನಾನು ಹಾಕಿಲ್ಲ. ಆದರೂ ಸದ್ದೆಂಬುದೇ ಇಲ್ಲ. ನನ್ನ ಕಿವಿಯೇ ಸಾಕ್ಷಿ.”

ಈ ಮಾತು ನಂಬಿ ಅದೇ ಫ್ಯಾನು ಕೊಂಡವರಲ್ಲಿ ಶಂಕಾಸುರನೂ ಒಬ್ಬ. ಜೀವಮಾನದಲ್ಲಿ ಅವನು ಪುರಾವೆ ಕೇಳದೆ ನಂಬಿದ್ದು ಅದೊಂದೇ ಸಲವಂತೆ. ವಾರದೊಳಗೆ ಬರೆದ: “ನೀವು ಹೇಳಿದಂತೆಯೇ ಕೂರಿಸಿದೆ. ಹಿಟ್ಟಿನ ಗಿರಣಿಯ ಕೆಳಗೆ ಮಲಗಿದ ಹಾಗಿದೆ. ಏನು ಸ್ವಾಮಿ ಇದು?”

ಸ್ಕ್ರೂಡ್ರೈವರ್ ಉತ್ತರಿಸಿದರು: “ನನ್ನದು ನಿಶ್ಶಬ್ದ. ನೀವು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ.”

ಆ ಸಮರ ಮಳೆಗಾಲ ಕಳೆದು ಚಳಿಗಾಲ ಮುಗಿದರೂ ನಿಂತಿರಲಿಲ್ಲ. ಅಲ್ಲಿ ಬೇರೆಯವರೂ ಫ್ಯಾನಿನ ಗದ್ದಲದ ಬಗ್ಗೆ ಅಳುತ್ತಿದ್ದರು. ಸ್ಕ್ರೂಡ್ರೈವರ್ ಪ್ರತಿಯೊಬ್ಬರಿಗೂ ಅದೇ ವೈದ್ಯಕೀಯ ಸಲಹೆ ಕೊಟ್ಟು ಮುಂದೆ ಹೋಗುತ್ತಿದ್ದರು.

ಹೀಗಿರಲು ಲಾಂಡ್ರಿಯಲ್ಲಿ ಒಂದು ಅನಾಹುತವಾಯಿತು. ಚಾದರಗಳ ಬೆಟ್ಟ ಹೊತ್ತ ಬ್ಯಾಟರಿಯ ಎಳೆಗಾಡಿಯೊಂದು ಹಿಂದಿನಿಂದ ಹಾರನ್ನು ಬಾರಿಸುತ್ತ ಬಂತು. ಫೋರ್‌ಮನ್ನರು ದಾರಿಯ ನಡುವೆ ನಿಂತು ಮೂರನೆಯ ಡ್ರಮ್ಮನ್ನು ಧ್ಯಾನಿಸುತ್ತಿದ್ದರು. ಹಾರನ್ನು ಮತ್ತೂ ಬಾರಿಸಿತು. ಧ್ಯಾನ ಭಂಗವಾಗಲಿಲ್ಲ. ಕೊನೆಗೆ ಗಾಡಿಯವನು ಪಕ್ಕಕ್ಕೆ ತಿರುಗಿಸಿ ಸೋಪಿನ ಪುಡಿಯ ಮೂಟೆಗಳಿಗೆ ಗುದ್ದಿದ. ಚಾದರಗಳೆಲ್ಲ ಜಾರಿ ಫೋರ್‌ಮನ್ನರ ಮೇಲೆ ಬಿದ್ದವು. ಇಸ್ತ್ರಿ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ‘ಇಸ್ತ್ರಿಯಕ್ಕ’, ಓಡಿಬಂದು ಬಿಳಿಯ ರಾಶಿಯೊಳಗಿಂದ ಅವರನ್ನು ಹೊರಗೆಳೆದರು.

“ಅಯ್ಯೋ ಫೋರ್‌ಮನ್ನಣ್ಣ, ಅಷ್ಟು ಹೊತ್ತು ಹೊಡ್ಕೊಂಡ್ನಲ್ಲ ಹಾರನ್ನು, ಎಲ್ಲಿತ್ತು ಗ್ಯಾನ?”

“ಬೇರಿಂಗು ನೋಡ್ತಿದ್ದೆ ಕಣಮ್ಮ,” ಎಂದರು ಫೋರ್‌ಮನ್ನರು, ಬಾಯಿಂದ ಸೋಪಿನ ಪುಡಿ ಉಗುಳುತ್ತ.

“ಬೇರಿಂಗು ನೋಡೋಕ್ಕೆ ಹೋಗಿ ನೀವೇ ಮೂಟೆ ಆಗ್ಬಿಟ್ರಿ!”

ಎಲ್ಲರೂ ನಕ್ಕರು. ನಗದವರು ಒಬ್ಬರೇ, ಸುರಕ್ಷತಾ ಅಧಿಕಾರಿ. ಮಾರನೆಯ ಬೆಳಗ್ಗೆ ಗೋಡೆಯ ಮೇಲೆ ಸೂಚನೆ ಬಂತು: ಮೆಷಿನ್ ವಿಭಾಗದಲ್ಲಿ ಕೆಲಸ ಮಾಡುವವರೆಲ್ಲ ಬರುವ ಶುಕ್ರವಾರ ಕಿವಿಯ ಪರೀಕ್ಷೆಗೆ ಹಾಜರಾಗಬೇಕು. ಪಾಸಾಗದವರಿಗೆ ಮೇಲಿನ ಮಹಡಿಯ ಉಗ್ರಾಣದಲ್ಲಿ ಕೆಲಸ.

ಮೇಲಿನ ಮಹಡಿಯ ಉಗ್ರಾಣವೆಂದರೆ ಗುಂಡಿ, ದಾರ, ಸೋಪಿನ ಡಬ್ಬ, ಕಳೆದುಹೋದ ದಿಂಬಿನ ಚೀಲಗಳ ರಾಜ್ಯ. ಅಲ್ಲಿ ತಿರುಗುವ ವಸ್ತು ಎಂಬುದು ಕುರ್ಚಿಯೊಂದೇ. ಡ್ರಮ್ಮುಗಳ ನಡುಕವನ್ನು ಕಾಲಿನಡಿಯಲ್ಲಿ ಉಂಡು ಬೆಳೆದ ಮನುಷ್ಯನನ್ನು ಅಲ್ಲಿ ಕೂರಿಸುವುದೆಂದರೆ ಸಿಂಹವನ್ನು ಹೊಲಿಗೆ ಕಲಿಯಲು ಕಳಿಸಿದಂತೆ. ಹಾಗೆಂದು ಫೋರ್‌ಮನ್ನರ ಅಭಿಪ್ರಾಯ. ಊಟದ ಬಿಡುವಿನಲ್ಲಿ ಅವರು ಡಬ್ಬಿ ಬಿಟ್ಟು ಫೋನು ತೆರೆದರು.

ಕಷ್ಟ ಬಂದಾಗ ಜನ ಹಿರಿಯರನ್ನು ಕೇಳುತ್ತಾರೆ, ಡಾಕ್ಟರನ್ನು ಕೇಳುತ್ತಾರೆ. ಫೋರ್‌ಮನ್ನರು ಪ್ಲಗ್ ಪಾಯಿಂಟನ್ನು ಕೇಳಿದರು. ಮರ್ಯಾದೆ ಪ್ರಶ್ನೆಯಾದ್ದರಿಂದ ಒಬ್ಬ ಸ್ನೇಹಿತನನ್ನು ಸೃಷ್ಟಿಸಿಕೊಂಡರು.

“ನನ್ನ ಸ್ನೇಹಿತನೊಬ್ಬನಿಗೆ ಎರಡೂ ಕಿವಿ ಮಂದ. ಹೊರಗಿನವರಿಗೆ ಕಾಣದಂತೆ ಕಿವಿಯೊಳಗೆ ಕೂರುವ, ಒಳ್ಳೆಯ ಯಂತ್ರ ಯಾವುದು? ಶುಕ್ರವಾರದೊಳಗೆ ಸಿಗಬೇಕು.”

ವೇದಿಕೆಗೆ ಹಬ್ಬವೇ ಆಯಿತು. ಕಿವಿಯ ಯಂತ್ರವೇ ಬೇಡ, ಈಗಿನ ಸಾಧಾರಣ ಇಯರ್‌ಫೋನುಗಳೇ ಆ ಕೆಲಸ ಮಾಡುತ್ತವೆ ಎಂದು ಒಂದು ಪಂಗಡ. ಅದು ಬರೀ ಜಾಹೀರಾತು, ನಂಬಿ ಕೆಡಬೇಡಿ ಎಂದು ಇನ್ನೊಂದು ಪಂಗಡ. ಇಲಿಯ ಕಿವಿಯೊಳಗೆ ವಿಜ್ಞಾನಿಗಳು ಹೊಸ ಜೀವಕೋಶ ಬೆಳೆಸಿದ್ದಾರೆ, ನಿಮ್ಮ ಸ್ನೇಹಿತ ಇನ್ನೊಂದಿಷ್ಟು ವರ್ಷ ಕಾಯಲಿ ಎಂದು ಸುದ್ದಿಯ ಕೊಂಡಿ ಹಾಕಿದವನೊಬ್ಬ. ಇಲಿಗೆ ಮೊದಲೇ ಕಿವಿ ಚೆನ್ನಾಗಿತ್ತೋ ಎಂದು ಅವನನ್ನು ಹಿಡಿದುಕೊಂಡವನು ಮತ್ತೊಬ್ಬ. ಸಂಜೆಯ ಹೊತ್ತಿಗೆ ಬ್ಯಾಟರಿ ಯಾವುದು ಮೇಲೆಂದು ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬಂದಿತ್ತು. ಸ್ನೇಹಿತನನ್ನು ಎಲ್ಲರೂ ಮರೆತಿದ್ದರು.

ಆಗ ಶಂಕಾಸುರ ಬಂದ.

“ಸ್ಕ್ರೂಡ್ರೈವರೇ, ಒಂದು ಪ್ರಶ್ನೆ. ನಿಮ್ಮ ಆ ಸ್ನೇಹಿತ ಮೆಷಿನ್ನಿಗೆ ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿದರೆ ಅವನಿಗೆ ಕೇಳುತ್ತದೆಯೋ?”

ಇದರಲ್ಲಿ ಏನೋ ಬಲೆಯಿದೆ ಎಂದು ಫೋರ್‌ಮನ್ನರಿಗೆ ಅನ್ನಿಸಿತು. ಆದರೆ ಅಭಿಮಾನ ಬಿಡಬೇಕಲ್ಲ. “ಗುಡುಗಿನ ಹಾಗೆ ಕೇಳುತ್ತದೆ” ಎಂದು ಬರೆದರು. ನಿಜವೂ ಅದೇ ಆಗಿತ್ತು.

ಉತ್ತರ ತಕ್ಷಣ ಬಂತು. “ಹಾಗಾದರೆ ಒಳಗಿನ ಮೆಷಿನ್ನು ಚೆನ್ನಾಗಿದೆ. ಎಲುಬಿನ ದಾರಿ ತೆರೆದಿದೆ, ಗಾಳಿಯ ದಾರಿಗೆ ಮಾತ್ರ ಏನೋ ಅಡ್ಡ ಕೂತಿದೆ. ಯಂತ್ರ ಗಿಂತ್ರ ಆಮೇಲೆ. ‘ಮೊದಲು ಜಾಲರಿ ನೋಡಿ.’ ಇದನ್ನು ಹೇಳಿದ ಮಹಾನುಭಾವರು ಯಾರೋ ನನಗೆ ಮರೆತುಹೋಗಿದೆ, ಸಭಿಕರು ನೆನಪಿಸಿ.”

ಸಭಿಕರು ನೆನಪಿಸಿದರು. ಒಬ್ಬರಾದ ಮೇಲೊಬ್ಬರು, ಹಲ್ಲು ಕಿರಿಯುವ ಮುಖಗಳ ಚಿತ್ರ ಹಾಕಿ, ಅದೇ ಬಣ್ಣದ ಅಕ್ಷರಗಳಲ್ಲಿ, ಪುಟದ ತುಂಬ ನೆನಪಿಸಿದರು. ಫೋರ್‌ಮನ್ನರು ಫೋನನ್ನು ಬೋರಲು ಹಾಕಿ ಎದ್ದು ಹೋದರು.

ಅವರ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಆಕೆಯೂ ಪ್ಲಗ್ ಪಾಯಿಂಟನ್ನು ಗುಟ್ಟಾಗಿ ಓದುತ್ತಿದ್ದಳು. ಅಪ್ಪನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ತಿಳಿಯಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ಪರೀಕ್ಷೆಯ, ಉಗ್ರಾಣದ ಸುದ್ದಿಯನ್ನು ಇಸ್ತ್ರಿಯಕ್ಕ ಆಗಲೇ ಮನೆಗೆ ಮುಟ್ಟಿಸಿದ್ದರು. ಗುರುವಾರ ಬೆಳಗ್ಗೆ ಅಪ್ಪನ ಎದುರು ಬಂದು ಕೂತಳು, ತುಟಿ ಕಾಣುವ ಹಾಗೆ.

“ಅಪ್ಪ, ನಿನ್ನ ಸ್ನೇಹಿತ ಹೇಗಿದಾನೆ?”

“ಯಾವ ಸ್ನೇಹಿತ?”

“ಅದೇ, ಎರಡೂ ಕಿವಿ ಮಂದ ಇರೋನು. ಅವನನ್ನ ಇವತ್ತು ಡಾಕ್ಟರ ಹತ್ರ ಕರ್ಕೊಂಡು ಹೋಗೋಣ ಅಂತ.”

“ಅವನಿಗೆ ಟೈಮಿಲ್ಲ.”

“ನಮ್ಮ ಅಂಗಡೀಗೆ ದಿನಾ ಬರ್ತಾರಪ್ಪ ಇಂಥೋರು. ಯಾರೂ ಕಣ್ಣು ಮಂಜಾಗಿದೆ ಅನ್ನಲ್ಲ. ಈಗಿನವರು ಅಕ್ಷರ ಸಣ್ಣಗೆ ಮುದ್ರಿಸ್ತಾರೆ ಅಂತಾರೆ. ಒಬ್ಬರಂತೂ ಬೀದಿದೀಪದ ಕರೆಂಟು ಕಡಿಮೆಯಾಗಿದೆ ಅಂತ ಆಫೀಸಿಗೆ ಹೋಗಿ ಜಗಳ ಆಡಿ ಬಂದಿದ್ರು.”

“ನಾನೇನು ಜಗಳ ಆಡಿದೀನಾ?”

“ಒಂದು ವರ್ಷದಿಂದ ಫ್ಯಾನಿನ ವಿಷಯದಲ್ಲಿ ಇನ್ನೇನು ಮಾಡ್ತಿದೀಯ?”

ಒಳಗಿನಿಂದ ತಾಯಿಯ ದನಿ ಮೊಳಗಿತು. “ಪ್ರಯಾಣಿಕರ ಗಮನಕ್ಕೆ! ಕಿವಿ ಆಸ್ಪತ್ರೆಯ ಕಡೆ ಹೊರಡುವ ಗಾಡಿ ಈಗಲೇ ಹೊರಡಲಿದೆ! ತಡ ಮಾಡಿದವರು ನಾಳೆಯಿಂದ ಗುಂಡಿ ಎಣಿಸತಕ್ಕದ್ದು!”

ಹೀಗೆ ಮೂರು ಲೋಕದ ವೀರರು ಮಗಳ ಸ್ಕೂಟರಿನ ಹಿಂದೆ ಕೂತು ಹೊರಟರು.

ಕಿವಿ ಡಾಕ್ಟರು ಸಣ್ಣ ದನಿಯ ಹೆಂಗಸು. ಫೋರ್‌ಮನ್ನರಿಗೆ ಆಕೆ ಹೇಳಿದ್ದು ಒಂದೂ ಕೇಳಲಿಲ್ಲ, ಗಾಂಭೀರ್ಯದಿಂದ ತಲೆಯಾಡಿಸಿದರು. ಆಕೆ ದೀಪ ಬಿಟ್ಟು ಎಡಗಿವಿಯೊಳಗೆ ನೋಡಿದರು, ಬಲಗಿವಿಯೊಳಗೆ ನೋಡಿದರು, ಮತ್ತೆ ಎಡಗಿವಿಗೆ ಬಂದರು. ಆಮೇಲೆ ಮಗಳನ್ನು ಕರೆದು ತೋರಿಸಿದರು. ಮಗಳು ಬಗ್ಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

ಉಗುರುಬೆಚ್ಚಗಿನ ನೀರು ತುಂಬಿದ ದಪ್ಪ ಪಿಚಕಾರಿ ಬಂತು. ಭುಜದ ಮೇಲೆ ಟವೆಲು ಬಿತ್ತು. ನೀರು ನುಗ್ಗಿತು; ತಲೆಯೊಳಗೆ ಅಣೆಕಟ್ಟು ಒಡೆದಂತಾಯಿತು; ಟ್ರೇಯಲ್ಲಿ ‘ಟಪ್’ ಎಂದು ಏನೋ ಬಿದ್ದಿತು.

ಆ ‘ಟಪ್’ ಫೋರ್‌ಮನ್ನರಿಗೆ ಕೇಳಿಸಿತು.

“ಇದನ್ನ ಎಷ್ಟು ಕಾಲದಿಂದ ಸಾಕ್ಕೊಂಡು ಬಂದಿದೀರಿ?” ಎಂದು ಡಾಕ್ಟರು ಕೇಳಿದರು. ಅದೂ ಕೇಳಿಸಿತು. ಆಕೆಯ ದನಿ ಅಷ್ಟೇನೂ ಸಣ್ಣದಿರಲಿಲ್ಲ. “ಗುಗ್ಗೆ ಗಟ್ಟಿಯಾಗಿ ಕಲ್ಲಾಗಿದೆ. ಒಳಗೆ ನೂಲು ಬೇರೆ ಸೇರಿದೆ. ಕೆಲಸದಲ್ಲಿ ಕಿವಿಗೆ ಏನಾದ್ರೂ ಸಿಕ್ಕಿಸ್ಕೋತೀರಾ?”

“ಸದ್ದು ತಡೆಯೋಕೆ ಸ್ಪಂಜಿನ ಬಿರಡೆ. ಇಯರ್ ಪ್ಲಗ್ ಅಂತಾರಲ್ಲ, ಅದು.”

“ದಿನಾ ಬೆಳಗ್ಗೆ ಅದೇ ಬಿರಡೆಯಿಂದ ಗುಗ್ಗೇನ ಒಳಗೆ ತಳ್ಳಿ ತಳ್ಳಿ ಕೂರಿಸಿದೀರಿ. ಗಾರೆಯೋರು ಗೋಡೆಗೆ ಗಿಲಾವು ಮಾಡ್ತಾರಲ್ಲ, ಹಾಗೆ.”

“ಅಪ್ಪ,” ಎಂದಳು ಮಗಳು, ಕಣ್ಣಲ್ಲಿ ನೀರು ಬರುವಂತೆ ನಗುತ್ತ, “ಜಾಲರಿ ಕಣಪ್ಪ, ಜಾಲರಿ!”

ಎರಡನೆಯ ಕಿವಿಯದೂ ಬಿದ್ದಿತು. ಫೋರ್‌ಮನ್ನರು ಟವೆಲಿನಲ್ಲಿ ಕಿವಿ ಒರೆಸಿಕೊಂಡರು. ಗೋಡೆಯ ಗಡಿಯಾರ ಒಂದೇ ಸಮನೆ ಕಟಕಟ ಎನ್ನುತ್ತಿತ್ತು. ಗಂಜಿ ಹಾಕಿದ ತಮ್ಮದೇ ಅಂಗಿಯ ಕೊರಳಪಟ್ಟಿ ಕತ್ತು ತಿರುಗಿಸಿದರೆ ಸರಕ್ ಎನ್ನುತ್ತಿತ್ತು. ಹೊರಗೆ ಯಾರೋ ಚಪ್ಪಲಿ ಎಳೆದುಕೊಂಡು ಹೋದರು, ಅದೂ ಸುದ್ದಿಯಾಗಿ ಬಂತು. ಅವರು ಒಮ್ಮೆ ಕೆಮ್ಮಿ ನೋಡಿದರು. ತಮ್ಮ ಕೆಮ್ಮು ಅಷ್ಟು ಜೋರೆಂದು ಗೊತ್ತೇ ಇರಲಿಲ್ಲ.

“ಡಾಕ್ಟ್ರೇ, ಆ ಟ್ರೇ ಸ್ವಲ್ಪ ಈ ಕಡೆ ತಿರುಗಿಸ್ತೀರಾ? ಒಂದು ಫೋಟೋ ತಗೋಬೇಕು.”

“ಯಾಕ್ರೀ?”

“ಕೇಳೋರಿದಾರೆ,” ಎಂದರು ಫೋರ್‌ಮನ್ನರು ಗಂಭೀರವಾಗಿ.

ಮಧ್ಯಾಹ್ನ ಮನೆಗೆ ಬಂದು, ಗೆದ್ದ ಸೇನಾಪತಿಯಂತೆ ಮಂಚದ ಮೇಲೆ ಅಂಗಾತ ಮಲಗಿ, ರಿಮೋಟು ಒತ್ತಿದರು. ಮರುಕ್ಷಣವೇ ಎದ್ದು ಕೂತರು.

“ಏನೇ ಇದು? ಪಕ್ಕದಲ್ಲಿ ಗೋಡೆ ಕೊರೀತಿದಾರಾ?”

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. ಅಂದು ಮೊದಲ ಬಾರಿಗೆ ಆಕೆ ಪ್ರಕಟಣೆಯ ದನಿ ಬಿಟ್ಟು ಸಾಮಾನ್ಯ ಮನುಷ್ಯರಂತೆ ಮಾತಾಡಿದರು. “ಅದು ನಿಮ್ಮ ಚಿಟ್ಟೆ ಕಣ್ರೀ.”

ಫೋರ್‌ಮನ್ನರು ಮೇಲೆ ನೋಡಿದರು. ಜಗದ್ವಿಖ್ಯಾತ ನಿಶ್ಶಬ್ದ ಫ್ಯಾನು ಗುಂಯ್‌ಗುಟ್ಟುತ್ತಿತ್ತು, ನಡುನಡುವೆ ಹಲ್ಲು ಕಡಿಯುತ್ತಿತ್ತು, ಪ್ರತಿ ಸುತ್ತಿಗೂ ಸೂರಿನ ಕೊಕ್ಕೆ ‘ಕಟಕ್’ ಎಂದು ಸಾಕ್ಷಿ ನುಡಿಯುತ್ತಿತ್ತು.

“ಯಾವಾಗಿಂದ ಹೀಗಿದೆ?”

“ನೇತುಹಾಕಿದ ದಿನದಿಂದ.”

“ಮತ್ತೆ ಹೇಳ್ಬಾರದಾ?”

“ಮೊದಲನೇ ದಿನಾನೇ ಹೇಳ್ದೆ. ನಿನ್ನ ಕಿವೀಲಿ ಬಸ್ಸು ಹೊಕ್ಕಿದೆ ಅಂದ್ರಿ. ಆಮೇಲೆ ನೀವು ಊರಿಗೆಲ್ಲ ಬರೆದು ಮೆರೆದಾಡ್ತಿದ್ರಿ. ಹಾಳಾಗ್ಲಿ, ಖುಷಿಯಾಗಿದಾರಲ್ಲ ಅಂತ ನಾನು ಕಿವೀಗೆ ಹತ್ತಿ ಇಟ್ಕೊಂಡು ಮಲಗೋದು ಕಲಿತೆ.”

ಫೋರ್‌ಮನ್ನರು ರಿಮೋಟು ಕೈಗೆತ್ತಿಕೊಂಡರು. ಫ್ಯಾನು ನಿಲ್ಲಿಸಿ, ಸ್ಟೂಲು ಹತ್ತಿದರು. ಮೇಲಿನ ಬಟ್ಟಲು ಇಳಿಸಿ ನೋಡಿದರೆ ಕೊಕ್ಕೆಯ ಕಬ್ಬಿಣ, ಬೋಲ್ಟಿನ ಕಬ್ಬಿಣ, ಎರಡೂ ಮೈಗೆ ಮೈ ತಿಕ್ಕಿ ಹೊಳೆಯುತ್ತಿದ್ದವು. ನಡುವೆ ಇರಬೇಕಾದ ರಬ್ಬರ್ ಬುಷ್ಷು ಅಟ್ಟದ ಮೇಲಿನ ಫ್ಯಾನಿನ ಡಬ್ಬದಲ್ಲಿ, ಪ್ಲಾಸ್ಟಿಕ್ಕು ಚೀಲವನ್ನೂ ಹರಿಯದೆ, ಮುಗ್ಧ ಶಿಶುವಿನಂತೆ ಮಲಗಿತ್ತು. ಅದನ್ನು ತಂದು ಕೂರಿಸಿ, ಬೋಲ್ಟು ಬಿಗಿದು, ಇಳಿದು ರಿಮೋಟು ಒತ್ತಿದರು. ಫ್ಯಾನು ತಿರುಗಿತು. ಎಷ್ಟು ಮೆತ್ತಗೆಂದರೆ, ಹೆಂಡತಿ ನಿಟ್ಟುಸಿರು ಬಿಟ್ಟದ್ದು ಬಾಗಿಲಿಂದ ಮಂಚದವರೆಗೆ ಕೇಳಿಸಿತು.

ಫ್ಯಾನಿನಲ್ಲಿ ತಪ್ಪಿರಲಿಲ್ಲ. ಕಂಪನಿಯ ಶೋಕಿಯೂ ಅಲ್ಲ. ತಾವು ಬರೆದದ್ದನ್ನು ನಂಬಿ ರಬ್ಬರನ್ನು ಮೂಲೆಗೆಸೆದ ಪ್ಲಗ್ ಪಾಯಿಂಟಿನ ಅಷ್ಟೂ ಮನೆಗಳಲ್ಲಿ ಈಗಲೂ ಗಿರಣಿ ಓಡುತ್ತಿರುತ್ತದೆ ಎಂದು ನೆನೆದು ಫೋರ್‌ಮನ್ನರು ಬೆವರಿದರು. ಅವರಿಗೆಲ್ಲ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದವರು ತಾವೇ ಎಂಬುದೂ ನೆನಪಾಗಿ ಇನ್ನಷ್ಟು ಬೆವರಿದರು. ಫ್ಯಾನು ಸದ್ದಿಲ್ಲದೆ ಗಾಳಿ ಹಾಕಿತು.

ಶುಕ್ರವಾರ ಲಾಂಡ್ರಿಯ ಅಂಗಳಕ್ಕೆ ಪರೀಕ್ಷೆಯ ವ್ಯಾನು ಬಂತು. ಒಳಗೆ ಬೀರುವಿನಂಥ ಚಿಕ್ಕ ಗೂಡು, ಒಂದು ಹೆಡ್‌ಫೋನು, ಒಂದು ಗುಂಡಿ. ‘ಪೀಂ’ ಎಂದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಒಳಗೆ ಹೋದ ಫೋರ್‌ಮನ್ನರು ಹೆಡ್‌ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, ದಿಂಬು ಸವೆದಿದೆ, ಇದನ್ನು ಬದಲಾಯಿಸಿ ಎಂದು ಸಲಹೆ ಕೊಟ್ಟರು. ವ್ಯಾನಿನ ಹುಡುಗಿ, “ಸಾರ್, ಮೊದಲು ಹಾಕ್ಕೊಳಿ” ಎಂದಳು.

ಅವರು ಕಣ್ಣು ಮುಚ್ಚಿಕೊಂಡರು. ಪೀಂ. ಒತ್ತಿದರು. ಇನ್ನೂ ಸಣ್ಣ ಪೀಂ. ಒತ್ತಿದರು. ದೂರದಲ್ಲೆಲ್ಲೋ ಸೊಳ್ಳೆಯ ಮರಿ ಕನಸಿನಲ್ಲಿ ಕನವರಿಸಿದಂಥ ಪೀಂ. ಅದನ್ನೂ ಒತ್ತಿದರು. ಬಲಗಿವಿಗೆ ಬಂದಾಗ ಮಾತ್ರ ಕೊನೆಕೊನೆಗೆ ಬಹಳ ಹೊತ್ತು ಏನೂ ಕೇಳಲಿಲ್ಲ. ಏನೂ ಬರಲಿಲ್ಲವೋ, ಬಂದದ್ದು ತಮಗೆ ತಲುಪಲಿಲ್ಲವೋ ತಿಳಿಯಲಿಲ್ಲ. ಊಹಿಸಿ ಒತ್ತಿಬಿಡೋಣ ಎಂದು ಹೆಬ್ಬೆರಳು ತವಕಿಸಿತು. ಪುರಾವೆಯಿಲ್ಲದೆ ಒತ್ತುವುದು ಸರಿಯಲ್ಲವೆಂದು ತಡೆದುಕೊಂಡರು.

ಸುರಕ್ಷತಾ ಅಧಿಕಾರಿ ಹಾಳೆ ಹಿಡಿದು ಬಂದರು. “ಎಡಗಿವಿ ಚೆನ್ನಾಗಿದೆ ಸಾರ್. ಬಲಗಿವೀಲಿ ತೀರಾ ಮೇಲಿನ ಸ್ವರಗಳು ಸ್ವಲ್ಪ ಹೋಗಿವೆ. ವಯಸ್ಸು, ಇಷ್ಟು ವರ್ಷದ ಗದ್ದಲ. ಆದ್ರೆ ಪಾಸು. ಹಾರನ್ನು ಕೇಳೋಕೆ ಧಾರಾಳವಾಗಿ ಸಾಕು.”

“ಬೇರಿಂಗು ಕೇಳೋಕೆ?”

“ಅದು ನಂಗೊತ್ತಿಲ್ಲ ಸಾರ್, ನೀವೇ ಹೇಳ್ಬೇಕು. ಇನ್ಮೇಲೆ ಒಳಗೆ ತುರುಕೋ ಬಿರಡೆ ಬೇಡ, ಹೊರಗಿಂದ ಕಿವಿ ಮುಚ್ಚೋ ಬಟ್ಟಲು ಹಾಕ್ಕೊಳಿ.”

ಇಸ್ತ್ರಿಯಕ್ಕ ದೂರದಿಂದಲೇ ಕೂಗಿದರು. “ಏನಂದ್ರು ಫೋರ್‌ಮನ್ನಣ್ಣ? ಗುಂಡಿ ಎಣಿಸೋಕೆ ಹೋಗ್ತೀರೋ?”

“ನಿನ್ನ ಉರುಳೇಲಿ ಎಡಗಡೆ ಸರಪಳಿ ಒಣಗಿದೆ ಕಣಮ್ಮ, ಇಲ್ಲೀವರೆಗೂ ಕೇಳಿಸ್ತಿದೆ! ಎಣ್ಣೆ ಬಿಡು ಹೋಗು!”

ಊಟದ ಬಿಡುವಿನಲ್ಲಿ ಫೋರ್‌ಮನ್ನರು ಡ್ರಮ್ಮುಗಳ ಸಾಲಿನ ಪಕ್ಕದ ತಮ್ಮ ಬೆಂಚಿನ ಮೇಲೆ ಕೂತರು. ಫೋನು ತೆಗೆದರು. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಅಷ್ಟು ಜನ ಗಿರಣಿಯ ಕೆಳಗೆ ಮಲಗಿದ್ದಾರಲ್ಲ! ಸೋಲುವುದೇ ಆದರೆ ಅದರಲ್ಲೂ ಒಂದು ಠೀವಿ ಇರಲಿ ಎಂದು, ಸ್ಕ್ರೂಡ್ರೈವರ್ ತಮ್ಮ ಹೊಸ ವಿಮರ್ಶೆ ಬರೆದರು.

“ವಸ್ತು: ಕಿವಿ. ಸಂಖ್ಯೆ: ಒಂದು ಜೊತೆ. ಹುಟ್ಟಿದಾಗಿನಿಂದ ಬಳಸುತ್ತಿದ್ದೇನೆ. ಚಾರ್ಜು ಬೇಡ, ರಿಮೋಟು ಇಲ್ಲ, ನೀರು ತಡೆದುಕೊಳ್ಳುತ್ತದೆ (ನಿನ್ನೆ ಪರೀಕ್ಷಿಸಿ ನೋಡಿದ್ದೇನೆ). ದೋಷ: ಜಾಲರಿ ಕಟ್ಟಿಕೊಂಡರೆ ಮಾಲೀಕನಿಗೆ ಮಾತ್ರ ಗೊತ್ತಾಗುವುದಿಲ್ಲ, ಉಳಿದವರಿಗೆಲ್ಲ ಗೊತ್ತಾಗುತ್ತದೆ. ಕಟ್ಟಿಕೊಂಡ ಕಿವಿಯಿಂದ ಫ್ಯಾನಿನ ವಿಮರ್ಶೆ ಬರೆಯಬಾರದು. ನಾನು ಬರೆದೆ. ರಬ್ಬರ್ ಬುಷ್ಷು ಬೇಡ ಎಂದದ್ದು ತಪ್ಪು. ಎಲ್ಲರೂ ಇವತ್ತೇ ಹಾಕಿಕೊಳ್ಳಿ. ಸ್ನೇಹಿತ ಯಾರೆಂದು ನಿಮಗೆ ತಿಳಿದೇ ಇದೆ. ಶಂಕಾಸುರರೇ, ಫ್ಯಾನಿನ ವಿಷಯದಲ್ಲೂ ಕಿವಿಯ ವಿಷಯದಲ್ಲೂ ನೀವು ಗೆದ್ದಿರಿ.”

ಕಳಿಸಿ, ಡಬ್ಬಿ ತೆರೆದು ಎರಡು ತುತ್ತು ತಿನ್ನುವಷ್ಟರಲ್ಲಿ ಫೋನು ನಡುಗಿತು. ಶಂಕಾಸುರನಿಂದ ಉತ್ತರ. ಇಷ್ಟು ಕಾಲದ ವೈರಿ ಏನು ಬರೆದಿರಬಹುದು? ಹಿಗ್ಗಿ ಕುಣಿದಿರಬಹುದು, ಉದಾರವಾಗಿ ಬೆನ್ನು ತಟ್ಟಿರಬಹುದು. ತೆರೆದು ನೋಡಿದರು.

“ಪುರಾವೆ?”

ಫೋರ್‌ಮನ್ನರ ಮುಖ ಅರಳಿತು. ಟ್ರೇಯ ಫೋಟೋ ಹಾಕಿದರು. ಮುಂದೆ ಕೇಳಬೇಕೇ! ಇದು ಗುಗ್ಗೆಯಲ್ಲ, ಒಣದ್ರಾಕ್ಷಿ ಎಂದನೊಬ್ಬ. ಕಂಪ್ಯೂಟರು ಬರೆದ ಸುಳ್ಳು ಚಿತ್ರ, ಟ್ರೇಯ ನೆರಳು ನೋಡಿ, ಉಲ್ಟಾ ಬಿದ್ದಿದೆ ಎಂದ ಮತ್ತೊಬ್ಬ. ಇಷ್ಟು ದೊಡ್ಡದು ಮನುಷ್ಯನ ಕಿವಿಯಲ್ಲಿ ಹಿಡಿಸುವುದಿಲ್ಲ, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆಯಬೇಕಿತ್ತು ಎಂದು ಇಲಿಯ ಪಂಗಡದವನು ತಕರಾರು ಎತ್ತಿದ. ಶಂಕಾಸುರ ಮಾತ್ರ ಎಲ್ಲರ ಕೆಳಗೆ ಒಂದು ಸಾಲು ಬರೆದ: “ರಬ್ಬರ್ ಹಾಕಿದೆ. ಚಿಟ್ಟೆ ಬಂದಿದೆ.”

ಫೋರ್‌ಮನ್ನರು ಬೆರಳು ಮುರಿದುಕೊಂಡು, ಒಣದ್ರಾಕ್ಷಿ ಎಂದವನ ಚರ್ಮ ಸುಲಿಯಲು ಸಜ್ಜಾದರು. ಮೊದಲ ಪ್ಯಾರಾ ಭರ್ಜರಿಯಾಗಿ ಬಂತು. ಎರಡನೆಯದಕ್ಕೆ ಕೈ ಹಾಕುವಾಗ ಅವರ ಕಿವಿ ನಿಮಿರಿತು. ಸಾಲಿನ ಆ ತುದಿಯಲ್ಲಿ, ಇಡೀ ಗದ್ದಲದ ಅಡಿಯಲ್ಲಿ, ಯಾರೋ ಹಲ್ಲಿನ ಸಂದಿಯಿಂದ ಸಿಳ್ಳೆ ಹಾಕಿದಂಥ ಒಂದು ಎಳೆ ಸದ್ದು. ಕೊನೆಯ ಡ್ರಮ್ಮು. ಹಿಂಬದಿ. ಈಗಷ್ಟೇ ಶುರುವಾದದ್ದು.

ಬರೆದದ್ದನ್ನು ಅರ್ಧಕ್ಕೇ ಬಿಟ್ಟು ಫೋನನ್ನು ಜೇಬಿಗೆ ತುರುಕಿದರು. ಪ್ಲಗ್ ಪಾಯಿಂಟಿನ ಇತಿಹಾಸದಲ್ಲಿ ಸ್ಕ್ರೂಡ್ರೈವರ್ ಮಾತು ಮುಗಿಸದೆ ಎದ್ದದ್ದು ಅದೇ ಮೊದಲು. ಗೂಟದಿಂದ ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದುಕೊಂಡು, ಎದೆಯುಬ್ಬಿಸಿ, ಡ್ರಮ್ಮುಗಳ ನಡುವಿನ ದಾರಿಯಲ್ಲಿ ಹೊರಟರು. ಹಿಂದಿನಿಂದ ಎಳೆಗಾಡಿ ಒಮ್ಮೆ ಹಾರನ್ನು ಬಾರಿಸಿತು.

“ಕೇಳಿಸ್ತು ಕಣಯ್ಯ, ಯಾಕೆ ಅಷ್ಟು ಕಿರುಚ್ತೀಯ!” ಎಂದು ಗದರಿಸುತ್ತ ಫೋರ್‌ಮನ್ನರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.